ಘತ್ತರಗಿಗೆ ಕಳಿಸಿದ ತತ್ತಿ

ಮೊಣಕಾಲು ನೋವಿಗೆಂದು ಮೊನ್ನೆ ಸೊಸೆ ಔಡಲೆಣ್ಣೆ ಬಿಸಿ ಮಾಡಿ ತಂದಳು. ಬಟ್ಟಲು ಹತ್ತಿರ ಬರುತ್ತಲೇ ಆ ಮಂದ ವಾಸನೆ ಮೂಗಿಗೆ ಬಡಿಯಿತು. ಮೊದಲು ಬೆರಳದ್ದಿ ನೋಡಿದೆ, ಆಮೇಲೆ ಮೂಸಿದೆ, ಆಮೇಲೆ ಯಾವ ಅಂಗಡಿಯಲ್ಲಿ ತಂದದ್ದು ಎಂದು ಕೇಳಿದೆ. ಸೊಸೆ ನಕ್ಕು, "ವಿಷ ಹಾಕಿಲ್ಲ, ಹಚ್ಕೋರಿ ಅತ್ತಿ" ಎಂದಳು. ತಮಾಷೆಗೆ ಅಂದದ್ದು. ಆದರೂ ನನ್ನ ಕೈ ಸ್ವಲ್ಪ ಹೊತ್ತು ಬಟ್ಟಲಿನ ಮೇಲೆಯೇ ನಿಂತಿತ್ತು.

ನಾನು ಸಂಶಯದ ಹೆಂಗಸು, ಮುಚ್ಚಿಡುವುದೇನಿದೆ. ಹಾಲಿನವನ ಹಾಲು, ಡಾಕ್ಟರ ಗುಳಿಗೆ, ಮಕ್ಕಳು ಫೋನಿನಲ್ಲಿ ಹೇಳುವ "ಎಲ್ಲಾ ಆರಾಮ ಅದೇವಿ" ಎಂಬ ಮಾತು, ಯಾವುದನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಈ ಗುಣ ಅವ್ವನಿಂದ ಬಂದದ್ದು. ಜರ್ಮನ್ ಯುದ್ಧ ನಡೆದಿದ್ದ ಕಾಲದ ಒಂದು ಬೇಸಿಗೆಯಲ್ಲಿ ನಮ್ಮಿಬ್ಬರ ಈ ಗುಣದಿಂದ ನನ್ನ ಅಕ್ಕನ ಬದುಕು ಮುಳುಗುವುದರಲ್ಲಿತ್ತು. ಆ ಬೇಸಿಗೆ ಪೂರ್ತಿ ನಮ್ಮ ಮನೆಯಲ್ಲಿ ಇದೇ ಎಣ್ಣೆಯ ವಾಸನೆ.

ನಿಂಬರ್ಗಾದಲ್ಲಿ ಊರ ಹೊರಗಿನ ಓಣಿಯ ಕೊನೆಯ ಮನೆ ನಮ್ಮದು. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಅವ್ವ ಹೊಲದ ಕಸ ಆರಿಸುವ, ಗೊಬ್ಬರ ಹೊರುವ ಕೂಲಿಗೆ ಹೋಗುತ್ತಿದ್ದಳು. ನನಗೆ ಹದಿನಾಲ್ಕಿರಬೇಕು. ಮನೆಗೆಲಸ ಮತ್ತು ಕೋಳಿ ನನ್ನ ಪಾಲಿಗೆ ಬಂದಿದ್ದವು. ಏಳು ಹೇಂಟೆ, ಒಂದು ಹುಂಜ.

ತತ್ತಿ ಎಂದರೆ ನಮ್ಮ ಓಣಿಯಲ್ಲಿ ಬಚ್ಚಿಡುವ ವಸ್ತು. ನಿಜಾಮನ ಕಾಲ ಅದು. ಊರಿಗೆ ಯಾರಾದರೂ ಸಾಹೇಬರು ಮುಕ್ಕಾಮಿಗೆ ಬಂದರೆ ಚಪರಾಸಿ ನೇರ ನಮ್ಮ ಓಣಿಗೆ ಬಂದು ಕೈಗೆ ಸಿಕ್ಕಷ್ಟು ತತ್ತಿ ಎತ್ತಿಕೊಂಡು ಹೋಗುತ್ತಿದ್ದ. ಕೊಡುವುದಿಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ತಮ್ಮ ಕೋಳಿ ಎಷ್ಟು ಇಡುತ್ತದೆಂದು ಓಣಿಯಲ್ಲಿ ಯಾರೂ ಖರೆ ಹೇಳುತ್ತಿರಲಿಲ್ಲ. ಕೋಳಿಯೊಂದೇ ತತ್ತಿ ಇಟ್ಟು ಊರಿಗೆಲ್ಲ ಕೂಗಿ ಹೇಳುತ್ತಿತ್ತು. ಅದು ಬಾಯಿ ತೆರೆಯುವ ಮುಂಚೆ ನಾನು ಓಡಿ ಎತ್ತಿಕೊಳ್ಳಬೇಕು.

ಎತ್ತಿಕೊಂಡದ್ದನ್ನು ಇಡುವುದಕ್ಕೂ ಅವ್ವನ ಕಟ್ಟುಪಾಡುಗಳಿದ್ದವು. ತತ್ತಿ ತೊಳೆಯಬಾರದು, ತೊಳೆದರೆ ಮೈಮೇಲಿನ ತೆಳ್ಳನೆ ಪೊರೆ ಹೋಗಿ ಒಳಗೆ ಬೇಗ ಕೆಡುತ್ತದೆ. ಹೊಲಸು ಹತ್ತಿದ್ದರೆ ಒಣಬಟ್ಟೆಯಿಂದ ಒರೆಸಿ, ಅದನ್ನೇ ಮೊದಲು ಖರ್ಚು ಮಾಡಬೇಕು. ಕೂದಲೆಳೆಯಷ್ಟು ಸೀಳಿದ್ದರೂ ಅವತ್ತೇ ತಿನ್ನಬೇಕು. ಉಳಿದದ್ದು ನೀರಿನ ಹರವಿಗಳ ಕೆಳಗೆ, ತಂಪು ಮರಳಿನಲ್ಲಿ ಕತ್ತಿನವರೆಗೆ ಹೂತ ಗಡಿಗೆಯೊಳಗೆ, ಚೂಪು ತುದಿ ಕೆಳಗಾಗಿ ನಿಲ್ಲಬೇಕು. ಹಳೆಯದು ಹೊಸದು ಗೊತ್ತಾಗಲಿಲ್ಲವೋ, ಒಲೆಗಿಡುವ ಹೊತ್ತಿಗೆ ನೀರಿನಲ್ಲಿ ಬಿಟ್ಟು ನೋಡು. ತಳದಲ್ಲಿ ಮಲಗಿದರೆ ಹೊಸದು, ಎದ್ದು ನಿಂತರೆ ಹಳೆಯದು, ತೇಲಿದರೆ ತಿಪ್ಪೆಗೆ. "ಮಂದೀನೂ ಹಿಂಗ ನೀರಾಗ ಬಿಟ್ಟು ನೋಡಾಂಗಿದ್ರ ಚಲೋ ಇತ್ತು ನೋಡು" ಎನ್ನುತ್ತಿದ್ದಳು ಅವ್ವ.

ಆ ವರ್ಷ ಅಕ್ಕ ನಾಗಮ್ಮ ಬಸುರಿಯಾಗಿದ್ದಳು. ಅವಳನ್ನು ಕೊಟ್ಟದ್ದು ಭೀಮಾ ದಂಡೆಯ ಘತ್ತರಗಿಗೆ. ಗಂಡ ಶಹಾಬಾದಿನ ಕಲ್ಲಿನ ಗಣಿಗೆ ಕೆಲಸಕ್ಕೆ ಹೋಗಿದ್ದ, ಮನೆಯಲ್ಲಿ ಅಕ್ಕ ಮತ್ತು ಅವಳ ಅತ್ತೆ ಶರಣಮ್ಮ ಇಬ್ಬರೇ. ಅಕ್ಕನಿಗೆ ಇದು ಮೂರನೆಯದು. ಮೊದಲನೆಯದು ಏಳು ತಿಂಗಳಿಗೆ ಜಾರಿತು. ಎರಡನೆಯದು ಹುಟ್ಟಿ ಮೂರು ದಿನ ಇತ್ತು. ಎರಡನ್ನೂ ಹೊಳೆದಂಡೆಯಲ್ಲೇ ಮಣ್ಣು ಮಾಡಿದ್ದರು. ಇದೂ ಹೋದರೆ ಅಳಿಯ ಬೇರೆ ಮದುವೆ ಆಗುತ್ತಾನೆ ಎಂಬ ಸುದ್ದಿ ನಮ್ಮ ಓಣಿಯವರೆಗೆ ಬಂದಿತ್ತು. ಆಳಂದದ ದವಾಖಾನೆಯ ನರ್ಸಬಾಯಿ ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ದಿನಕ್ಕೊಂದು ತತ್ತಿ ತಿನ್ನಿಸಿರಿ ಎಂದಿದ್ದಳು. ಘತ್ತರಗಿಯ ಅವರ ಓಣಿಯಲ್ಲಿ ಆ ವರ್ಷ ಬೇನೆ ಬಂದು ಕೋಳಿ ಸಾಲಾಗಿ ಸತ್ತಿದ್ದವು. ತತ್ತಿ ಏನಿದ್ದರೂ ನಮ್ಮಲ್ಲಿಂದಲೇ ಹೋಗಬೇಕು.

ಹೋಗಲು ದಾರಿ ಒಂದಿತ್ತು. ಅಪ್ಪನ ತಮ್ಮ ಸಿದ್ರಾಮ ಕಾಕಾ ಊರ ಗೌಡರ ಬಂಡಿ ಹೊಡೆಯುತ್ತಿದ್ದ. ಗೌಡರ ಮನೆಯ ಹೆಂಗಸರು ಹರಕೆ ಹೊತ್ತು ಪ್ರತಿ ಅಮಾವಾಸ್ಯೆಗೆ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗುತ್ತಿದ್ದರು. ಅವರು ತತ್ತಿಯ ಹೆಸರೂ ಎತ್ತದ ಜನ. ಹಾಗಾಗಿ ತೊಗರಿ ಹೊಟ್ಟು ತುಂಬಿದ ಗಡಿಗೆಯಲ್ಲಿ ತತ್ತಿ ಹುದುಗಿಸಿ, ಬಾಯಿಗೆ ಬಟ್ಟೆ ಕಟ್ಟಿ, ಬಂಡಿಯ ಕೆಳಗೆ ಎತ್ತಿನ ಮೇವಿನ ಚೀಲದೊಳಗೆ ಅಡಗಿಸಿ ಕಳಿಸುತ್ತಿದ್ದೆವು. ಮುಂದಿನದು ಇನ್ನೊಂದು ತಿಂಗಳಿಗೆ.

ಯುಗಾದಿ ಆದ ಮೇಲಿನ ಅಮಾವಾಸ್ಯೆಗೆ ಮೊದಲ ಗಡಿಗೆ ಹೋಯಿತು. ಕಾಕಾ ವಾಪಸು ಬಂದವನೇ, "ಮುಟ್ಟಿಸಿನ್ರಿ ವೈನಿ. ಬೀಗತಿ ಕೈಯಾಗ ಕೊಟ್ಟೀನಿ" ಎಂದ.

"ನಾಗಿ ಕೈಯಾಗ ಯಾಕ ಕೊಡಲಿಲ್ಲ?"

"ಆಕಿ ಒಳಗ ಮಕ್ಕೊಂಡಿದ್ಲು. ಮಾರಿ ಅಷ್ಟು ಕಂಡಿತು. ಬೆಳ್ಳಗ ಆಗ್ಯಾಳ."

ಅವ್ವ ಅವತ್ತು ಒಲೆಯ ಮುಂದೆ ಕೂತು ಬೂದಿ ಕೆದಕಿದಳು. ಕಡೆಗೆ, "ತತ್ತಿ ತಿಂದಾಕಿ ಬೆಳ್ಳಗ ಯಾಕ ಆಗ್ತಾಳ? ಆ ಮುದುಕಿ ತಿಂದಾಳ ಬೇ" ಎಂದಳು. ಕಾಕಾ ಅವಳ ಮುಖ ನೋಡಿದ್ದು ತತ್ತಿ ಮುಟ್ಟಿಸಿದ ಹೊತ್ತಿನಲ್ಲೇ, ಇನ್ನೂ ಒಂದೂ ತಿನ್ನದೆ ಮೈಯಲ್ಲಿ ರಕ್ತ ಎಲ್ಲಿಂದ ಬರಬೇಕು ಎಂದು ನಮಗೆ ಹೊಳೆಯಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಶರಣಮ್ಮನ ದಪ್ಪ ತೋಳು, ಅವಳು ಮದುವೆಯಲ್ಲಿ ಎರಡು ಸಲ ಹೋಳಿಗೆ ಕೇಳಿ ಹಾಕಿಸಿಕೊಂಡದ್ದು, ಎಲ್ಲವೂ ನನಗೆ ಈಗ ಸಾಕ್ಷಿಯಾಗಿ ಕಂಡವು.

ಅವ್ವ ಉಪಾಯ ಮಾಡಿದಳು. ಮುಂದಿನ ಸಲ ತತ್ತಿಗಳಿಗೆ ಗುರುತು ಹಾಕಿ ಕಳಿಸುವುದು. ಕಾಕಾ ಹೇಗಾದರೂ ಮಾಡಿ ಅಕ್ಕನ ಕಿವಿಯಲ್ಲಿ, ಗುರುತಿನವು ನಿನ್ನವು, ತಿಂದು ಅವುಗಳ ಓಡು ಎತ್ತಿಡು ಎಂದು ಹೇಳಿ ಬರುವುದು. ಅದರ ಮುಂದಿನ ಸಲ ಓಡು ತಂದು ನೋಡಿದರೆ ಎಷ್ಟು ಅವಳ ಹೊಟ್ಟೆಗೆ ಹೋಯಿತು, ಎಷ್ಟು ಮುದುಕಿಯ ಹೊಟ್ಟೆಗೆ ಹೋಯಿತು ಎಂದು ಗೊತ್ತಾಗುತ್ತದೆ. "ಇದ್ದಲಿಲೆ ಒಂದೊಂದು ಬೊಟ್ಟು ಹಚ್ಚು, ಸಾಕು" ಎಂದು ನನಗೆ ಹೇಳಿದಳು.

ಅಷ್ಟರಲ್ಲಿ ಬಿಸಿಲು ಏರಿತು. ಬಾದಾಮಿ ಅಮಾವಾಸ್ಯೆ ಹತ್ತಿರ ಬಂದಾಗ ಮರಳಿಗೆ ಎರಡು ಹೊತ್ತು ನೀರು ಚಿಮುಕಿಸಿದರೂ ಗಡಿಗೆ ಬೆಚ್ಚಗಿರುತ್ತಿತ್ತು. ಅಂಥ ಬೇಸಿಗೆಯಲ್ಲಿ ತತ್ತಿಗೆ ಔಡಲೆಣ್ಣೆ ಸವರುವುದು ಅವ್ವನ ಪದ್ಧತಿ. ಎಣ್ಣೆ ಉಗುರುಬೆಚ್ಚಗೆ ಮಾಡಿ, ಅರಳೆಯಲ್ಲಿ ಅದ್ದಿ, ಇಟ್ಟ ದಿನವೇ ತೆಳ್ಳಗೆ ತಿಕ್ಕಬೇಕು. ಗಾಳಿ ಒಳಗೆ ಹೋಗುವುದಿಲ್ಲ, ತಿಂಗಳಾದರೂ ಕೆಡುವುದಿಲ್ಲ. ನಾನು ಹಾಗೇ ಮಾಡಿದೆ. ಹದಿನೈದು ತತ್ತಿ, ಒಂದಕ್ಕಿಂತ ಒಂದು ಮಿಂಚುತ್ತಿದ್ದವು. ಕಳಿಸುವ ದಿನ ಗುರುತು ಹಾಕಲು ಕೂತರೆ, ಎಣ್ಣೆಯ ಮೇಲೆ ಇದ್ದಲಿ ಹತ್ತುತ್ತಿಲ್ಲ. ಜಾರುತ್ತದೆ, ಹತ್ತಿದರೂ ಹೊಟ್ಟಿನಲ್ಲಿ ಇಡುವಷ್ಟರಲ್ಲಿ ಅಳಿಸಿಹೋಗುತ್ತದೆ. ಅವ್ವ ಹೊಲದಲ್ಲಿದ್ದಳು. ಕಾಕಾ ಬಂಡಿ ಹೂಡುತ್ತಿದ್ದ. ನಾನು ಸುತ್ತ ನೋಡಿದೆ. ದೇವರ ಗೂಡಿನಲ್ಲಿ ಕುಂಕುಮದ ಕರಡಿಗೆ ಇತ್ತು.

ಎಣ್ಣೆಯ ಮೇಲೆ ಕುಂಕುಮ ಏನು ಹತ್ತಿತೆನ್ನುತ್ತೀರಿ! ಒಂದೊಂದು ತತ್ತಿಗೂ ದುಂಡಗೆ ಒಂದು ಬೊಟ್ಟು ಇಟ್ಟೆ. ಬೆರಳಿನಿಂದ ಉಜ್ಜಿದರೂ ಹೋಗಲಿಲ್ಲ. ನನ್ನ ಜಾಣತನಕ್ಕೆ ನಾನೇ ಉಬ್ಬಿದೆ. ದೇವರ ಕುಂಕುಮ ಖರ್ಚು ಮಾಡಿದ್ದಕ್ಕೆ ಬೈಗುಳ ಬೀಳುತ್ತದೆಂದು ಹೊಟ್ಟು ಮುಚ್ಚಿ ಗಡಿಗೆಯ ಬಾಯಿ ಬಿಗಿದೇ ಬಿಟ್ಟೆ. ಅವ್ವ ಓಡುತ್ತ ಬಂದಾಗ ಬಂಡಿ ಹೊರಡುವುದರಲ್ಲಿತ್ತು.

"ಗುರ್ತು ಹಾಕಿದೇನು?"

"ಹಾಕೀನವ್ವ."

"ಅಳಸಂಗಿಲ್ಲಲ್ಲ?"

"ತಿಕ್ಕಿ ನೋಡೀನಿ. ಹೋಗವಲ್ಲವು."

ಅವ್ವ ಗಡಿಗೆ ಬಿಚ್ಚಿ ನೋಡಲಿಲ್ಲ. ಊರನ್ನೆಲ್ಲ ಸಂಶಯಿಸುತ್ತಿದ್ದವಳು ನನ್ನೊಬ್ಬಳನ್ನು ನಂಬಿದ್ದಳು.

ಕಾಕಾ ಈ ಸಲ ಮುಖ ಸಣ್ಣದು ಮಾಡಿಕೊಂಡು ಬಂದ. ಅಕ್ಕನ ಹತ್ತಿರ ಹೋಗಲು ಆಗಲೇ ಇಲ್ಲವಂತೆ. ಶರಣಮ್ಮ ಅಂಗಳದಲ್ಲೇ ಬಟ್ಟೆ ಬಿಚ್ಚಿ ಗಡಿಗೆಯಲ್ಲಿ ಕೈ ಹಾಕಿದಳು, ಒಂದು ತತ್ತಿ ಹೊರಗೆ ತೆಗೆದಳು, ನೋಡುನೋಡುತ್ತ ಅವಳ ಮುಖ ಕಪ್ಪಿಟ್ಟಿತು. "ನೀ ಹೋಗಪ್ಪ ಇನ್ನ" ಎಂದಷ್ಟೇ ಅಂದಳು. "ಬೀಗರ ಮನ್ಯಾಗ ನನಗ ಒಂದು ತಂಬಗಿ ನೀರ ಕೊಡಲಿಲ್ರಿ ವೈನಿ" ಎಂದ.

ಅವ್ವ ತೊಡೆ ತಟ್ಟಿದಳು. "ಗುರ್ತು ನೋಡಿ ಗೊತ್ತಾತು ಆಕೀಗಿ! ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಾಂಗ ಆತು."

ನನಗೂ ಹಾಗೇ ಅನ್ನಿಸಿತು. ನನ್ನ ಗುರುತು ಕಳ್ಳಿಯನ್ನು ಹಿಡಿದುಕೊಟ್ಟಿತು ಎಂದು ಒಳಗೊಳಗೇ ಬೀಗಿದೆ. ಈಗ ನಮ್ಮ ಓಣಿಯ ಜನ ಬುದ್ಧನನ್ನು ನಂಬಿದವರು, ಮಾಟಮಂತ್ರ ಎಂದರೆ ಹುಡುಗರು ನಗುತ್ತಾರೆ. ಆಗ ನಾವು ಹಾಗಿರಲಿಲ್ಲ. ಅಮಾವಾಸ್ಯೆ ದಿನ ಮೂರು ದಾರಿ ಕೂಡಿದಲ್ಲಿ ಕುಂಕುಮ ಹಚ್ಚಿದ ತತ್ತಿ ಬಿದ್ದಿದ್ದರೆ ನಾನೇ ಅದನ್ನು ಕಂಡು ಮೈಲಿ ದೂರ ಸುತ್ತಿ ಬರುತ್ತಿದ್ದೆ. ಅಷ್ಟು ಗೊತ್ತಿದ್ದೂ, ನನ್ನ ಕೈಯಿಂದ ಹೋದ ತತ್ತಿ ಇನ್ನೊಬ್ಬರ ಅಂಗಳದಲ್ಲಿ ಹೇಗೆ ಕಂಡೀತು ಎಂಬ ಯೋಚನೆ ಒಂದು ಸಲವೂ ಬರಲಿಲ್ಲ.

ಮುಂದಿನ ತಿಂಗಳು ಅಕ್ಕನಿಂದ ಸುದ್ದಿಯೇ ಇಲ್ಲ. ಹೆರಿಗೆಗೆ ತವರಿಗೆ ಕಳಿಸಿರಿ ಎಂದು ಹೇಳಿಕಳಿಸಿದರೆ, ಕಳಿಸುವುದಿಲ್ಲ ಎಂಬ ಉತ್ತರ ಬಂತು. ಕಾರಣ ಹೇಳಲಿಲ್ಲ. ಮುಂಗಾರಿನ ಎರಡು ಮಳೆ ಬಿದ್ದು ಊರೆಲ್ಲ ಬಿತ್ತಿಗೆಯಲ್ಲಿ ಮುಳುಗಿತ್ತು. ಕೂಲಿ ಬೇಕಾದಷ್ಟಿತ್ತು. ಅವ್ವ ಅದನ್ನೆಲ್ಲ ಬಿಟ್ಟು ಮಣ್ಣೆತ್ತಿನ ಅಮಾವಾಸ್ಯೆಗೆ ನನ್ನನ್ನು ಕರೆದುಕೊಂಡು ಗೌಡರ ಬಂಡಿಯ ಹಿಂದೆ ನಡೆದೇ ಹೊರಟಳು. ಗಡಿಗೆ ನನ್ನ ಸೊಂಟದ ಮೇಲೆ. ಮತ್ತೆ ಹದಿನೈದು ತತ್ತಿ, ಮತ್ತೆ ಎಣ್ಣೆ, ಮತ್ತೆ ಅವ್ವನ ಕಣ್ಣಿಗೆ ಬೀಳದಂತೆ ನನ್ನ ಬೊಟ್ಟು. ಮರುದಿನ ಮಧ್ಯಾಹ್ನ ಘತ್ತರಗಿ ಮುಟ್ಟಿದಾಗ ನಮ್ಮ ಕಾಲು ಎರೆಮಣ್ಣಿನಲ್ಲಿ ಮೊಣಕಾಲಿನವರೆಗೆ ಕಪ್ಪಾಗಿದ್ದವು.

ಶರಣಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಎರಡೂ ಕೈ ಬಾಗಿಲ ಚೌಕಟ್ಟಿಗೆ. ಅವಳ ಹಿಂದೆ ಕತ್ತಲಲ್ಲಿ ಅಕ್ಕ ಗೋಡೆಗೆ ಒರಗಿ ಕೂತದ್ದು ಕಂಡಿತು.

"ಆ ಗಡಿಗಿ ಹೊರಗs ಇಡ್ರಿ" ಎಂದಳು ಶರಣಮ್ಮ.

"ಯಾಕ ಬೀಗತೇರ? ಮಗಳಿಗಿ ತಂದದ್ದು ಮಗಳ ಬಾಯಿಗಿ ಬೀಳಬಾರ್ದೇನು? ಹ್ವಾದ ಸಲದ ತತ್ತಿ ಯಾರ್ ತಿಂದ್ರಿ, ಹೇಳ್ರಿ" ಎಂದಳು ಅವ್ವ. ಅಕ್ಕಪಕ್ಕದ ಬಾಗಿಲುಗಳಲ್ಲಿ ಆಗಲೇ ತಲೆಗಳು ಕಂಡವು.

"ತಿನ್ನೋದಾ?" ಶರಣಮ್ಮ ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. "ಹದಿನೈದೂ ಹೊಳ್ಯಾಗ ಬಿಟ್ಟು, ತಲಿಮ್ಯಾಲ ನೀರ ಹಾಕ್ಕೊಂಡು ಬಂದೀನಿ. ಅಮಾಸಿ ದಿನ, ಎಣ್ಣಿ ಸವರಿ, ಕುಂಕಮ ಇಟ್ಟು, ಹೊಟ್ಟಿನ್ಯಾಗ ಹುಗದು, ಕದ್ದು ಕಳಸೀರಿ. ತತ್ತಿ ಹಂಗ ಯಾರ್ ಕಳಸ್ತಾರ್ರಿ? ಎರಡು ಮಣ್ಣಿಗಿ ಹ್ವಾದ್ವು. ಇದೂ ಹೋಗ್ಲಿ ಅಂತ ಹೆತ್ತ ತಾಯಿನs ಮಾಟ ಮಾಡಸ್ತಾಳ?"

ಅವ್ವ ಬೆಪ್ಪಾಗಿ ನಿಂತಳು. "ಕುಂಕಮ? ಯಾ ಕುಂಕಮ?"

ಅವಳೇ ನನ್ನ ಸೊಂಟದಿಂದ ಗಡಿಗೆ ಕಿತ್ತು ಇಳಿಸಿ ಬಟ್ಟೆ ಬಿಚ್ಚಿದಳು. ಹೊಟ್ಟು ಸರಿಸಿದಳು. ಮೊದಲ ತತ್ತಿಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಆ ಕೆಂಪು ಬೊಟ್ಟು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವ್ವ ನನ್ನನ್ನು ಎಷ್ಟೋ ಸಲ ಹೊಡೆದಿದ್ದಾಳೆ, ಅದೆಲ್ಲ ಮರೆತಿದ್ದೇನೆ. ಆ ನೋಟ ಮರೆತಿಲ್ಲ.

"ಎಣ್ಣಿ ಮ್ಯಾಲ ಇದ್ದಲಿ ಹತ್ತಲಿಲ್ಲವ್ವ" ಎಂದೆ. ಸುಮ್ಮನಿರಬೇಕಿತ್ತು, ಹೆದರಿಕೆಯಲ್ಲಿ ಉಳಿದದ್ದನ್ನೂ ಬಡಬಡಿಸಿದೆ. "ಮಾಟ ಅಲ್ರಿ ಅತ್ತಿ. ಗುರ್ತು ಅದು. ನೀವು ತಿಂತೀರಿ ಅಂತ ಗುಮಾನಿ ಇತ್ತು, ಅದಕ್ಕs ಗುರ್ತು ಹಾಕಿದ್ವಿ."

ಶರಣಮ್ಮನ ಕೈಗಳು ಚೌಕಟ್ಟಿನಿಂದ ಜಾರಿದವು. ಮಾಟ ಎಂದುಕೊಂಡಾಗ ಅವಳ ಮುಖದಲ್ಲಿ ಸಿಟ್ಟಿತ್ತು, ಹೆದರಿಕೆ ಇತ್ತು. ಖರೆ ಸಂಗತಿ ಕೇಳಿದ ಮೇಲೆ ಅವೆರಡೂ ಹೋಗಿ ನಾಚಿಕೆ ಬಂತು. ಮಂದಿಯ ಮುಂದೆ ನಾವು ಅವಳನ್ನು ಬಸುರಿಯ ಬಾಯಿಂದ ಕದ್ದು ತಿನ್ನುವವಳು ಎಂದಿದ್ದೆವು.

ಒಳಗಿನಿಂದ ಅಕ್ಕನ ದನಿ ಬಂತು. "ಅವ್ವ, ನಿಮ್ಮ ತತ್ತಿ ಹೊಳಿಗಿ ಬಿಟ್ಟ ದಿನದಿಂದ ಅತ್ತಿ ಅಂಬಿಗ್ಯಾರ ಓಣಿತನ ದಿನಾ ನಡದು ಹೋಗಿ ಒಂದು ತತ್ತಿ ತರತಾಳ. ತಾನs ಕುದಿಸಿ ತಿನ್ನಸ್ತಾಳ. ಒಂದಿನಾನೂ ತಪ್ಪಿಸಿಲ್ಲ."

ಅವ್ವ ಕೈಯಲ್ಲಿದ್ದ ತತ್ತಿಯನ್ನು ಹೊಸ್ತಿಲ ಕಲ್ಲಿಗೆ ಕುಟ್ಟಿ, ಹಸಿಯದನ್ನೇ ಬಾಯಿಗೆ ಸುರಿದುಕೊಂಡಳು. ಇನ್ನೊಂದನ್ನು ನನ್ನ ಕೈಗೆ ಕೊಟ್ಟಳು. ನಾನೂ ಒಡೆದು ಕುಡಿದೆ. ಮಾಟದ ತತ್ತಿ ಮಾಡಿಸಿದವರೇ ತಿನ್ನುವುದುಂಟೇ? ನಮ್ಮ ಹತ್ತಿರ ಬೇರೆ ಸಾಕ್ಷಿ ಇರಲಿಲ್ಲ. ಶರಣಮ್ಮ ನಾವು ನುಂಗುವುದನ್ನು ನೋಡಿದಳು. ಅರ್ಧ ನಂಬಿದಳು, ಅಷ್ಟೇ.

"ಹೆರಿಗಿ ಇಲ್ಲೇ ಆಗ್ಲಿ" ಎಂದಳು ಕಡೆಗೆ. "ನೀವು ಬರಬ್ಯಾಡ್ರಿ ಬೀಗತೇರ. ಬಾಣಂತನಕ್ಕ ಈ ಹುಡುಗಿ ಬಿಟ್ಟು ಹೋಗ್ರಿ. ಬೊಟ್ಟು ಇಟ್ಟಾಕಿ ಈಕಿ, ನನ್ನ ಕಣ್ಣ ಮುಂದs ಇರ್ಲಿ. ನಾಗಿಗಿ ಏನು ತಿನ್ನಿಸಿದ್ರೂ ಈಕಿ ಮದಲ ತಿನ್ನಬೇಕು."

ಅವ್ವ ಮಗಳನ್ನು ಮುಟ್ಟದೆಯೇ ವಾಪಸು ಹೋದಳು. ದೂರ ಹೋಗುವವರೆಗೂ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ಶ್ರಾವಣದಲ್ಲಿ, ಹೊಳೆ ಕೆಂಪಗೆ ಉಬ್ಬಿ ಹರಿಯುವಾಗ, ಅಕ್ಕನಿಗೆ ಹೆಣ್ಣು ಹುಟ್ಟಿತು. ಮೂರು ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ಕೂಸು ಗಟ್ಟಿಯಾಗಿ ಅತ್ತಾಗ ಶರಣಮ್ಮ ಹೊರಗೆ ಹೋಗಿ ಒಬ್ಬಳೇ ಅತ್ತು ಬಂದಳು. ಆದರೂ ನನಗೆ ಹಾಕಿದ ಕಟ್ಟಳೆ ಸಡಿಲಾಗಲಿಲ್ಲ. ಅಳವಿ ಪಾಯಸ, ಸಜ್ಜಕ, ಬೆಳ್ಳುಳ್ಳಿ ಹಾಕಿದ ಸಾರು, ಕುದಿಸಿದ ತತ್ತಿ, ಏನೇ ಆಗಲಿ, ತಾಟು ಅಕ್ಕನ ಮುಂದಿಟ್ಟು ಮೊದಲ ತುತ್ತು ನಾನು ತಿನ್ನಬೇಕು. ಶರಣಮ್ಮ ಎದುರಿಗೆ ಕೂತು ನನ್ನ ಗಂಟಲು ನೋಡುತ್ತಿದ್ದಳು. ನುಂಗಿದ ಮೇಲೂ ಸ್ವಲ್ಪ ಹೊತ್ತು ಕಾಯುತ್ತಿದ್ದಳು. ಆಮೇಲೆಯೇ ಅಕ್ಕನಿಗೆ. ಅಷ್ಟು ಹೊತ್ತಿಗೆ ಊಟ ಆರಿಹೋಗುತ್ತಿತ್ತು. ಬಾಣಂತಿಗೆ ತಣ್ಣಗಿನದು ಆಗದು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅಕ್ಕ ಆರಿದ್ದನ್ನೇ ಉಣ್ಣುತ್ತಿದ್ದಳು. ಅವಳಿಗೆ ಆಗಾಗ ಚಳಿ ಬರುತ್ತಿತ್ತು, ಹಾಲು ಸಾಲದೆ ಕೂಸು ರೇಗುತ್ತಿತ್ತು.

ನನಗೆ ಅವಮಾನವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ನನ್ನ ಗುಣವಾದರೂ ಎಲ್ಲಿ ಹೋಗಬೇಕು? ಶರಣಮ್ಮ ತಂದ ತತ್ತಿಯನ್ನು ಅವಳು ಆಚೆ ಹೋದಾಗ ನೀರಿನಲ್ಲಿ ಬಿಟ್ಟು ನೋಡುತ್ತಿದ್ದೆ. ಒಂದು ದಿನವೂ ಒಂದೂ ತೇಲಲಿಲ್ಲ. ಎಲ್ಲವೂ ತಳದಲ್ಲಿ ತೆಪ್ಪಗೆ ಮಲಗುತ್ತಿದ್ದವು. ಅದಕ್ಕೂ ನನಗೆ ಸಿಟ್ಟು.

ಹೀಗೆ ಇಪ್ಪತ್ತು ಇಪ್ಪತ್ತೆರಡು ದಿನ ಹೋಗಿರಬೇಕು. ಒಂದು ಸಂಜೆ ಜಡಿಮಳೆ. ಸೌದೆ ಹಸಿಯಾಗಿ ಒಲೆ ಹೊತ್ತುತ್ತಿರಲಿಲ್ಲ, ಊದಿ ಊದಿ ಕಣ್ಣು ಕೆಂಪಾಗಿದ್ದವು. ಅಂತೂ ಬಿಸಿ ಸಜ್ಜಕ ಮಾಡಿ ಒಯ್ದೆ. ಅಕ್ಕ ಕೌದಿ ಹೊದ್ದು ನಡುಗುತ್ತಿದ್ದಳು. ಶರಣಮ್ಮ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಅದರ ತಲೆಗೆ ಬೆಚ್ಚಗಿನ ಬಟ್ಟೆ ಸುತ್ತುತ್ತಿದ್ದಳು. ನಾನು ಎಂದಿನಂತೆ ತಾಟು ಇಟ್ಟು, ಒಂದು ತುತ್ತು ಎತ್ತಿ ನನ್ನ ಬಾಯಿಯ ಹತ್ತಿರ ತಂದೆ.

"ಆರಿ ಹೋಗ್ತದ ಬೇ. ಕೊಡು ಆಕೀಗಿ" ಎಂದಳು ಶರಣಮ್ಮ. ತಲೆ ಎತ್ತಿ ನೋಡಲಿಲ್ಲ.

ನನ್ನ ಕೈ ಗಾಳಿಯಲ್ಲೇ ನಿಂತಿತು. ಇದು ನಂಬಿಕೆಯೋ, ಚಳಿಯಿಂದ ನಡುಗುವವಳನ್ನು ಕಂಡ ಅವಸರವೋ, ಅಥವಾ ಕೂಸಿನ ಗಡಿಬಿಡಿಯಲ್ಲಿ ತನ್ನ ಕಟ್ಟಳೆಯನ್ನು ತಾನೇ ಮರೆತಳೋ? ಕೇಳಬೇಕೆನ್ನಿಸಿತು. ಕೇಳಲು ಧೈರ್ಯವಾಗಲಿಲ್ಲ. ಶರಣಮ್ಮ ತೀರಿಕೊಂಡು ಎಷ್ಟೋ ವರ್ಷಗಳಾದವು, ನನಗೆ ಇವತ್ತಿಗೂ ಖಾತ್ರಿಯಿಲ್ಲ. ಆಗ ಮಾತ್ರ ಅಳು ಒತ್ತರಿಸಿ ಬಂತು. ಅಳುತ್ತಲೇ ಆ ತುತ್ತನ್ನು ಅಕ್ಕನ ಬಾಯಿಗಿಟ್ಟೆ. ಇನ್ನೂ ಬಿಸಿ ಇತ್ತು.